ಹಳೆಯ ಫೈಲುಗಳ ಹಣೆಬರಹ

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಂಪ್ಯೂಟರ್ ಬಿಡಿಭಾಗ ಕೊಂಡವರಿಗೆ ಎನ್‌ಇ2000 ಎಂಬ ನೆಟ್‌ವರ್ಕ್ ಕಾರ್ಡಿನ ನೆನಪಿರಬಹುದು. ಮೂಲ ವಿನ್ಯಾಸ ನೊವೆಲ್ ಕಂಪನಿಯದು. ಅಂಗಡಿಗಳಲ್ಲಿ ಸಿಗುತ್ತಿದ್ದವು ಹೆಚ್ಚಾಗಿ ಅದರ ಅಗ್ಗದ ನಕಲುಗಳು. ಆ ಕಾರ್ಡನ್ನು ಲಿನಕ್ಸ್‌ನಲ್ಲಿ ಓಡಿಸುವ ಡ್ರೈವರಿನ ಸೋರ್ಸ್ ಕೋಡ್ ‘ಎನ್‌ಇ ಡಾಟ್ ಸಿ’ ಎಂಬ ಫೈಲಿನಲ್ಲಿದೆ. 1992ರಿಂದ 94ರ ನಡುವೆ ಅದನ್ನು ಬರೆದವರು ಡೊನಾಲ್ಡ್ ಬೆಕರ್. ನಾಸಾದ ಗೊಡಾರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಜೊತೆ ಸೇರಿ, ಸಾಧಾರಣ ಪಿಸಿಗಳನ್ನೇ ಹೆಣೆದು ‘ಬಿಯೊವುಲ್ಫ್’ ಎಂಬ ಸೂಪರ್ ಕಂಪ್ಯೂಟರ್ ಕಟ್ಟಿದರಲ್ಲ, ಅದೇ ಬೆಕರ್.

ಫೈಲಿನ ತಲೆಯ ಮೇಲೆ ಕೆಲವೇ ಸಾಲಿನ ಒಂದು ಟಿಪ್ಪಣಿ. ಮೊದಲು ಬರೆದವರ ಹೆಸರು, ವರ್ಷ. ಆಮೇಲೆ, 1993ರ ಕಾಪಿರೈಟ್ ಅಮೆರಿಕ ಸರ್ಕಾರದ್ದು, ಸರ್ಕಾರದ ಪರವಾಗಿ ರಾಷ್ಟ್ರೀಯ ಭದ್ರತಾ ಸಂಸ್ಥೆಯ ನಿರ್ದೇಶಕರದ್ದು ಎಂಬ ಮಾತು. ಅಂದರೆ ಎನ್‌ಎಸ್‌ಎ, ಜಗತ್ತಿನ ಫೋನುಗಳಿಗೆಲ್ಲ ಕಿವಿಗೊಟ್ಟು ಕೂತಿರುವ ಬೇಹುಗಾರಿಕೆಯ ಇಲಾಖೆ. (ಅಮೆರಿಕದ ಕಾನೂನಿನಲ್ಲಿ ಸರ್ಕಾರಿ ನೌಕರ ಕೆಲಸದ ಭಾಗವಾಗಿ ಬರೆದದ್ದಕ್ಕೆ ಕಾಪಿರೈಟೇ ಇಲ್ಲ, ಬೇರೆಯವರು ಬರೆದುಕೊಟ್ಟ ಹಕ್ಕನ್ನು ಮಾತ್ರ ಸರ್ಕಾರ ಇಟ್ಟುಕೊಳ್ಳಬಹುದು. ಆ ಒಂದು ಸಾಲಿನ ಮೇಲೆಯೇ ವಕೀಲರು ಒಂದು ಮಧ್ಯಾಹ್ನ ಕಳೆಯಬಹುದು.) ಅದರ ಕೆಳಗೆ, ಈ ತಂತ್ರಾಂಶವನ್ನು ಜಿಎನ್‌ಯು ಜನರಲ್ ಪಬ್ಲಿಕ್ ಲೈಸೆನ್ಸ್ (ಜಿಪಿಎಲ್) ಪ್ರಕಾರ ಬಳಸಬಹುದು, ಹಂಚಬಹುದು ಎಂಬ ಒಪ್ಪಿಗೆ.

ಇಂಥ ಸಾಲುಗಳನ್ನು ಓದುವುದೇ ನನ್ನ ಹೊಟ್ಟೆಪಾಡು. ಟಿವಿ, ರೂಟರ್, ಕಾರಿನೊಳಗಿನ ಪರದೆ ಇವುಗಳನ್ನು ಮಾಡುವ ಕಂಪನಿಗಳು ತಮ್ಮ ಕೋಡಿನ ರಾಶಿಯನ್ನು ಕಳಿಸುತ್ತವೆ. ಪ್ರತಿ ಫೈಲೂ ಯಾರದ್ದು, ಯಾವ ಲೈಸೆನ್ಸಿನದು ಎಂದು ನಾವು ಪಟ್ಟಿ ಮಾಡಿ ಕೊಡುತ್ತೇವೆ. ಮದುವೆ ಮನೆಯಲ್ಲಿ ಯಾರಾದರೂ ಏನು ಕೆಲಸ ಎಂದು ಕೇಳಿದರೆ ‘ಸಾಫ್ಟ್‌ವೇರ್’ ಎಂದಷ್ಟೇ ಹೇಳಿ ಪಂಕ್ತಿಗೆ ಹೊರಟುಬಿಡುತ್ತೇನೆ.

ಈ ಕೆಲಸಕ್ಕೆ ಬೆಲೆ ಬಂದದ್ದು ಕೋರ್ಟು ಕಚೇರಿಗಳಿಂದ. 2003ರಲ್ಲಿ ಲಿಂಕ್‌ಸಿಸ್‌ನ ನೀಲಿ-ಕಪ್ಪು ರೂಟರಿನೊಳಗೆ ಲಿನಕ್ಸ್ ಇರುವುದನ್ನು ಹವ್ಯಾಸಿಗಳು ಪತ್ತೆ ಮಾಡಿದರು. ಹಂಚುವವರು ಸೋರ್ಸನ್ನೂ ಕೊಡಬೇಕು ಎಂಬುದು ಜಿಪಿಎಲ್‌ನ ಷರತ್ತು, ಕೊನೆಗೆ ಕಂಪನಿ ಸೋರ್ಸ್ ಕೋಡ್ ಹೊರಗೆ ಬಿಡಬೇಕಾಯಿತು. ಮರುವರ್ಷ ಹೆರಾಲ್ಡ್ ವೆಲ್ಟೆ ಎಂಬ ಲಿನಕ್ಸ್ ಪ್ರೋಗ್ರಾಮರ್ ಮ್ಯೂನಿಕ್‌ನ ನ್ಯಾಯಾಲಯದಿಂದ ಸೈಟ್‌ಕಾಮ್ ಎಂಬ ಕಂಪನಿಯ ಮೇಲೆ ತಡೆಯಾಜ್ಞೆ ತಂದರು. ಲೈಸೆನ್ಸ್ ಎಂದರೆ ಬರೀ ಸದಾಶಯವಲ್ಲ, ಅದಕ್ಕೆ ಹಲ್ಲಿದೆ ಎಂದು ವ್ಯಾಪಾರಿಗಳಿಗೆ ಆಗ ಗೊತ್ತಾಯಿತು.

ಹೊಸದಾಗಿ ಸೇರಿದ ಹುಡುಗನಿಗೆ ನಾನು ಮೊದಲು ತೋರಿಸುವುದು ಬೆಕರ್ ಅವರ ಫೈಲನ್ನೇ.

“ಮೇಡಂ, ಜಿಪಿಎಲ್ ಅಂತ ಬರ್ದಿದೆಯಲ್ಲ. ಇದ್ರಲ್ಲಿ ಹುಡುಕೋದೇನಿದೆ?” ಎನ್ನುತ್ತಾನೆ.

“ಯಾವ ಜಿಪಿಎಲ್ಲೋ ಮಾರಾಯ?”

ಪ್ರಶ್ನೆ ಇರುವುದು ಅಲ್ಲಿ. ಜಿಪಿಎಲ್‌ನ ಮೊದಲ ಆವೃತ್ತಿ ಬಂದದ್ದು 1989ರ ಫೆಬ್ರುವರಿಯಲ್ಲಿ, ಎರಡನೆಯದು 1991ರ ಜೂನ್‌ನಲ್ಲಿ, ಮೂರನೆಯದು 2007ರಲ್ಲಿ. ಎರಡು ಮತ್ತು ಮೂರು ಒಂದಕ್ಕೊಂದು ಹೊಂದುವುದಿಲ್ಲ. ‘ಎರಡು ಮಾತ್ರ’ ಎಂದಿರುವ ಕೋಡನ್ನೂ ಮೂರರ ಕೋಡನ್ನೂ ಬೆರೆಸಿ ಒಂದೇ ಪ್ರೋಗ್ರಾಮ್ ಮಾಡಿ ಹಂಚುವಂತಿಲ್ಲ. ಬೆಕರ್ ಆವೃತ್ತಿಯ ಸಂಖ್ಯೆಯನ್ನೇ ಬರೆದಿಲ್ಲ. ಬರೆಯದಿದ್ದರೆ ಏನು ಗತಿ ಎಂಬುದನ್ನು ಜಿಪಿಎಲ್‌ನ ಎರಡನೆಯ ಆವೃತ್ತಿಯ ಒಂಬತ್ತನೆಯ ಕಲಮು ಹೇಳುತ್ತದೆ: ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಇದುವರೆಗೆ ಹೊರಡಿಸಿದ ಯಾವ ಆವೃತ್ತಿಯನ್ನು ಬೇಕಾದರೂ ಆರಿಸಿಕೊಳ್ಳಿ. ಹಾಗಾಗಿ ಈಗ ಆ ಫೈಲಿನ ಮೇಲೆ ಇರುವ ಗುರುತು ‘ಜಿಪಿಎಲ್ 1.0 ಅಥವಾ ಅದರ ನಂತರದ್ದು’. ಒಂದನೆಯ ಆವೃತ್ತಿಯ ಹೆಸರನ್ನು ಇವತ್ತು ಎತ್ತುವವರು ಕಡಿಮೆ. ಆದರೂ ಕಾನೂನಿನ ಪ್ರಕಾರ ಸರಿಯಾದ ಉತ್ತರ ಅದೇ.

ಲಿನಕ್ಸ್‌ನ ಸ್ವಂತ ಚರಿತ್ರೆಯೂ ಇಷ್ಟೇ ಗೋಜಲು. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಮೊದಲು ಬಿಟ್ಟಾಗ ಲೈಸೆನ್ಸ್ ಅವರೇ ಬರೆದದ್ದು: ಸೋರ್ಸ್ ಕೊಡಬೇಕು, ದುಡ್ಡು ಮಾತ್ರ ತೆಗೆದುಕೊಳ್ಳಬಾರದು. ಫ್ಲಾಪಿಯಲ್ಲಿ ಹಂಚುವವರು ಫ್ಲಾಪಿಯ ಖರ್ಚನ್ನೂ ಕೇಳುವಂತಿರಲಿಲ್ಲ. 1992ರಲ್ಲಿ ಅದು ಜಿಪಿಎಲ್‌ಗೆ ಬದಲಾಯಿತು. ‘ನಾನು ಹೇಳುತ್ತಿರುವುದು ಎರಡನೆಯ ಆವೃತ್ತಿ ಮಾತ್ರ’ ಎಂಬ ಸ್ಪಷ್ಟನೆಯನ್ನು ಅವರು ಸೇರಿಸಿದ್ದು 2000ದಲ್ಲಿ. ಈ ಎಂಟು ವರ್ಷಗಳಲ್ಲಿ ನೂರಾರು ಜನ ತಂತಮ್ಮ ಫೈಲುಗಳ ಮೇಲೆ ತೋಚಿದಂತೆ ಬರೆದಿದ್ದಾರೆ, ಅಥವಾ ಬರೆಯದೆ ಬಿಟ್ಟಿದ್ದಾರೆ.

ಅಷ್ಟಕ್ಕೂ ಫೈಲಿನ ತಲೆಯ ಮೇಲೆ ಇದನ್ನೆಲ್ಲ ಬರೆಯುವ ರೂಢಿ ಹುಟ್ಟಿದ್ದು ಎಲ್ಲಿಂದ? ಎಪ್ಪತ್ತರ ದಶಕದ ಯೂನಿಕ್ಸ್ ಫೈಲುಗಳನ್ನು ತೆರೆದರೆ ಬೋಳುತಲೆ. ಬೆಲ್ ಲ್ಯಾಬ್ಸ್‌ನಿಂದ ವಿಶ್ವವಿದ್ಯಾಲಯಗಳಿಗೆ ಟೇಪು ಹೋಗುತ್ತಿತ್ತು, ಲೈಸೆನ್ಸ್ ಬೇರೆ ಕಾಗದದಲ್ಲಿ ಸಹಿಯಾಗುತ್ತಿತ್ತು. ಫೈಲಿನೊಳಗೆ ಕಾನೂನಿನ ಮಾತು ಬರೆಯಬೇಕು ಎಂದು ಅಲ್ಲಿ ಯಾರಿಗೂ ಅನಿಸಿರಲಿಲ್ಲ.

ಆದರೆ ಅಮೆರಿಕದ ಆಗಿನ ಕಾನೂನು ಹಾಗಿರಲಿಲ್ಲ. ಪ್ರಕಟಿಸಿದ ಪ್ರತಿಯ ಮೇಲೆ ಕಾಪಿರೈಟ್ ಸೂಚನೆ ಇಲ್ಲದಿದ್ದರೆ ಹಕ್ಕೇ ಹೋಗುವ ಭಯವಿತ್ತು. 1989ರ ಮಾರ್ಚ್ 1ರಂದು ಬರ್ನ್ ಒಪ್ಪಂದ ಅಲ್ಲಿ ಜಾರಿಗೆ ಬಂದ ಮೇಲಷ್ಟೇ ಸೂಚನೆ ಐಚ್ಛಿಕವಾಯಿತು. ಎಂಬತ್ತರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನ ಒಡೆಯ ಕಂಪನಿ ಎಟಿ ಅಂಡ್ ಟಿಯ ವಕೀಲರು ಎಚ್ಚೆತ್ತುಕೊಂಡು ಸಿಸ್ಟಮ್ ಫೈವ್ ಯೂನಿಕ್ಸ್‌ನ ಫೈಲುಗಳ ಮೇಲೆ ಒಂದು ಸೂಚನೆ ಕೂರಿಸಿದರು: ಇದು ಕಂಪನಿಯ ಸ್ವಂತ, ಅಪ್ರಕಟಿತ ಕೋಡ್, ಮೇಲೆ ಕಾಪಿರೈಟ್ ಎಂದು ಬರೆದ ಮಾತ್ರಕ್ಕೆ ಪ್ರಕಟಿಸಿದ್ದೇವೆ ಎಂದು ತಿಳಿಯಬೇಡಿ. ಊರೂರಿಗೆ ಹಂಚಿ ‘ಅಪ್ರಕಟಿತ’ ಎನ್ನುವ ಧೈರ್ಯ ವಕೀಲರಿಗೆ ಮಾತ್ರ ಬರಲು ಸಾಧ್ಯ.

ಅಷ್ಟು ಹೊತ್ತಿಗೆ ತಡವಾಗಿತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯವರು ಯೂನಿಕ್ಸ್‌ಗೆ ತಮ್ಮದೇ ಕೋಡ್ ಸೇರಿಸುತ್ತ, ಎಟಿ ಅಂಡ್ ಟಿಯದನ್ನು ಒಂದೊಂದಾಗಿ ತೆಗೆದು ಹೊಸದಾಗಿ ಬರೆಯುತ್ತ, 1991ರ ಜೂನ್‌ನಲ್ಲಿ ‘ನೆಟ್ 2’ ಎಂಬ ಸಂಗ್ರಹ ಹೊರತಂದರು. ಅದನ್ನು ಆಧರಿಸಿ ಬಿಎಸ್‌ಡಿಐ ಎಂಬ ಪುಟ್ಟ ಕಂಪನಿ ಮಾರಾಟಕ್ಕಿಳಿಯಿತು. ಗ್ರಾಹಕರಿಗೆ ಕೊಟ್ಟ ಫೋನ್ ನಂಬರಿನಲ್ಲೇ ‘ಯೂನಿಕ್ಸ್’ ಎಂಬ ಹೆಸರು ಮೂಡುವಂತೆ ಮಾಡಿತ್ತು. ಎಟಿ ಅಂಡ್ ಟಿಯ ಅಂಗಸಂಸ್ಥೆ ಯೂನಿಕ್ಸ್ ಸಿಸ್ಟಮ್ ಲ್ಯಾಬೊರೇಟರೀಸ್ ಮೊಕದ್ದಮೆ ಹೂಡಿತು. 1993ರ ಮಾರ್ಚ್‌ನಲ್ಲಿ ನ್ಯೂಜೆರ್ಸಿಯ ನ್ಯಾಯಾಧೀಶ ಡಿಕಿನ್‌ಸನ್ ಡೆಬೆವೊಯಿಸ್ ತಡೆಯಾಜ್ಞೆ ಕೊಡಲು ನಿರಾಕರಿಸಿದರು. ಮುಖ್ಯ ಕಾರಣಗಳಲ್ಲಿ ಒಂದು: 1979ರ ‘32ವಿ’ ಯೂನಿಕ್ಸನ್ನು ಸೂಚನೆಯಿಲ್ಲದೆ ಹಂಚಿರುವುದರಿಂದ ಅದರ ಕಾಪಿರೈಟ್ ಉಳಿದಿದೆ ಎಂದು ಕಂಪನಿ ಸಾಬೀತುಪಡಿಸುವ ಸಾಧ್ಯತೆ ಕಡಿಮೆ. ಒಂದು ಸಾಲಿನ ಟಿಪ್ಪಣಿ ಬರೆಯದೆ ಬಿಟ್ಟದ್ದಕ್ಕೆ ತೆತ್ತ ಬೆಲೆ ಅದು.

ಬರ್ಕ್ಲಿಯವರೂ ಸುಮ್ಮನೆ ಕೂರಲಿಲ್ಲ. ತಮ್ಮ ಕೋಡನ್ನು ಸಿಸ್ಟಮ್ ಫೈವ್‌ನಲ್ಲಿ ಬಳಸಿಕೊಂಡು ಲೈಸೆನ್ಸ್ ಕೇಳಿದ್ದ ಮನ್ನಣೆ ಕೊಟ್ಟಿಲ್ಲ ಎಂದು ತಿರುಗಿ ದಾವೆ ಹಾಕಿದರು. 1994ರಲ್ಲಿ ರಾಜಿಯಾಯಿತು. ಸುಮಾರು 18,000 ಫೈಲುಗಳ ಪೈಕಿ ತೆಗೆದುಹಾಕಬೇಕಾದದ್ದು ಮೂರು. ಸುಮಾರು 70 ಫೈಲುಗಳಿಗೆ ಎದುರು ಪಕ್ಷದ ಕಾಪಿರೈಟ್ ಸೂಚನೆ ಸೇರಿಸಬೇಕಾಯಿತು. ಇವತ್ತಿಗೂ ಬರ್ಕ್ಲಿ ಯೂನಿಕ್ಸ್‌ನ, ಅಂದರೆ ಬಿಎಸ್‌ಡಿ ವಂಶದ ಫೈಲುಗಳಲ್ಲಿ ಬರ್ಕ್ಲಿಯ ಹೆಸರಿನ ಕೆಳಗೆ ಯೂನಿಕ್ಸ್ ಸಿಸ್ಟಮ್ ಲ್ಯಾಬೊರೇಟರೀಸ್‌ನ ಹೆಸರು ಕಂಡರೆ ಅದು ಆ ರಾಜಿಪತ್ರದ ಕುರುಹು ಎಂದೇ ನಾನು ಓದುತ್ತೇನೆ.

ಬರ್ಕ್ಲಿ ಲೈಸೆನ್ಸಿನ ಮೂರನೆಯ ಷರತ್ತು ಇನ್ನೊಂದು ತಲೆನೋವು. ಈ ತಂತ್ರಾಂಶದ ಪ್ರಸ್ತಾಪವಿರುವ ಪ್ರತಿ ಜಾಹೀರಾತಿನಲ್ಲೂ ನಮ್ಮ ಹೆಸರು ಹಾಕಬೇಕು ಎನ್ನುತ್ತಿತ್ತು ಅದು. ಬರ್ಕ್ಲಿ ಒಂದೇ ಆಗಿದ್ದರೆ ಸಹಿಸಬಹುದಿತ್ತು. ಲೈಸೆನ್ಸನ್ನು ನಕಲು ಮಾಡಿಕೊಂಡವರೆಲ್ಲ ಬರ್ಕ್ಲಿಯ ಜಾಗದಲ್ಲಿ ತಮ್ಮ ಹೆಸರು ತುಂಬಿದರು. 1997ರ ಒಂದು ನೆಟ್‌ಬಿಎಸ್‌ಡಿ ಆವೃತ್ತಿಯಲ್ಲಿ ಇಂಥ 75 ವಾಕ್ಯಗಳಿದ್ದವು ಎಂದು ಜಿಪಿಎಲ್ ರೂಪಿಸಿದ ರಿಚರ್ಡ್ ಸ್ಟಾಲ್‌ಮನ್ ಎಣಿಸಿದ್ದಾರೆ. ವಿಶ್ವವಿದ್ಯಾಲಯದ ಲೈಸೆನ್ಸಿಂಗ್ ಕಚೇರಿಯ ನಿರ್ದೇಶಕ ವಿಲಿಯಂ ಹಾಸ್ಕಿನ್ಸ್ 1999ರ ಜುಲೈ 22ರಂದು ಆ ಷರತ್ತನ್ನು ರದ್ದು ಮಾಡಿದರು. ಆದರೆ ರದ್ದಾದದ್ದು ವಿಶ್ವವಿದ್ಯಾಲಯದ ಫೈಲುಗಳಿಗೆ ಮಾತ್ರ. ಉಳಿದವರದ್ದು ಅವರವರು ಹೇಳುವ ತನಕ ಹಾಗೇ. ಕೆಲವರು ಮೂರನೆಯದನ್ನು ಅಳಿಸಿ ನಾಲ್ಕನೆಯದರ ಸಂಖ್ಯೆ ತಿದ್ದಲಿಲ್ಲ. ಹಾಗಾಗಿ ಒಂದು, ಎರಡು, ನಾಲ್ಕು ಎಂದು ಎಣಿಸುವ ಲೈಸೆನ್ಸುಗಳು ಹುಟ್ಟಿಕೊಂಡವು. ಅಂಥದ್ದು ಕಂಡರೆ ಫೈಲಿನ ವಯಸ್ಸು ಹೇಳುವುದು ಸುಲಭ.

ವಯಸ್ಸು ಹೇಳಲು ಇನ್ನೊಂದು ದಾರಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನ ವಿಳಾಸ. ಜಿಪಿಎಲ್‌ನ ಹಳೆಯ ಒಕ್ಕಣೆಯ ಕೊನೆಯಲ್ಲಿ, ಲೈಸೆನ್ಸಿನ ಪ್ರತಿ ಸಿಗದಿದ್ದರೆ ಇಲ್ಲಿಗೆ ಬರೆಯಿರಿ ಎಂದು ಅಂಚೆ ವಿಳಾಸ ಕೊಡುತ್ತಿದ್ದರು. ಕೇಂಬ್ರಿಜ್‌ನ 675, ಮ್ಯಾಸಚೂಸೆಟ್ಸ್ ಅವೆನ್ಯೂ ಎಂದಿದ್ದರೆ ತೊಂಬತ್ತರ ದಶಕದ ಮೊದಲರ್ಧ. ಬಾಸ್ಟನ್ನಿನ 59, ಟೆಂಪಲ್ ಪ್ಲೇಸ್ ಎಂದಿದ್ದರೆ ಅದರ ನಂತರದ ಹತ್ತು ವರ್ಷ. 51, ಫ್ರ್ಯಾಂಕ್ಲಿನ್ ಸ್ಟ್ರೀಟ್ ಆದರೆ 2005ರಿಂದ ಈಚೆ. 2024ರಲ್ಲಿ ಆ ಕಚೇರಿಯನ್ನೂ ಮುಚ್ಚಿದರು. ಲಿಪಿಯ ತಿರುವು ನೋಡಿ ಇದು ಬಾದಾಮಿ ಚಾಲುಕ್ಯರದ್ದು, ಇದು ಹೊಯ್ಸಳರದ್ದು ಎಂದು ಶಾಸನ ಓದುವವರು ಕಾಲ ಕಟ್ಟುವ ಹಾಗೆ ನಾವು ಬೀದಿಯ ಹೆಸರು ನೋಡಿ ಕಟ್ಟುತ್ತೇವೆ. ಒಂದು ಎಚ್ಚರ ಬೇಕು. ಪ್ರೋಗ್ರಾಮರುಗಳು ತಲೆಬರಹವನ್ನು ಯಾವತ್ತೂ ಹೊಸದಾಗಿ ಬರೆಯುವುದಿಲ್ಲ, ಹತ್ತಿರದ ಫೈಲಿನಿಂದ ಎತ್ತಿ ಅಂಟಿಸುತ್ತಾರೆ. 2012ರ ಫೈಲಿನ ಮೇಲೆ ಕೇಂಬ್ರಿಜ್‌ನ ವಿಳಾಸ ಕಂಡರೆ ಅದು ಹೇಳುವುದು ಆ ಫೈಲಿನ ವಯಸ್ಸನ್ನಲ್ಲ, ಅದು ಯಾವುದನ್ನು ನೋಡಿ ಬರೆಯಲಾಯಿತೋ ಆ ಅಜ್ಜನ ವಯಸ್ಸನ್ನು.

ಶಾಸನದ ಕೊನೆಯಲ್ಲಿ ಶಾಪ ಇರುತ್ತದಲ್ಲ. ಎಸ್‌ಕ್ಯುಲೈಟ್ ಎಂಬ ಡೇಟಾಬೇಸಿನ ಫೈಲುಗಳ ತಲೆಯ ಮೇಲೆ ಆಶೀರ್ವಾದವಿದೆ. ಅದರ ಕರ್ತೃ ರಿಚರ್ಡ್ ಹಿಪ್ 2001ರಲ್ಲಿ ಕಾಪಿರೈಟನ್ನು ಬಿಟ್ಟುಕೊಟ್ಟು, ಕಾನೂನಿನ ಮಾತಿನ ಬದಲಿಗೆ ಓದುಗನಿಗೆ ಒಳಿತನ್ನೇ ಮಾಡು, ಕೆಡುಕು ಬೇಡ ಎಂಬರ್ಥದ ಹಾರೈಕೆ ಬರೆದರು. ನಮ್ಮ ಕೈಯಲ್ಲಿರುವ ಹೆಚ್ಚುಕಡಿಮೆ ಎಲ್ಲ ಫೋನುಗಳಲ್ಲೂ ಆ ಕೋಡ್ ಓಡುತ್ತಿದೆ. ಮರುವರ್ಷ ಡಗ್ಲಾಸ್ ಕ್ರಾಕ್‌ಫರ್ಡ್ ತಮ್ಮ ಜೇಸನ್ ಕೋಡಿನ ಲೈಸೆನ್ಸಿನಲ್ಲಿ ಹೆಚ್ಚುಕಡಿಮೆ ಅದೇ ಮಾತನ್ನು ಷರತ್ತಾಗಿ ಬರೆದರು: ಈ ತಂತ್ರಾಂಶವನ್ನು ಒಳಿತಿಗೇ ಬಳಸತಕ್ಕದ್ದು, ಕೆಡುಕಿಗಲ್ಲ. ರಂಪವಾಯಿತು. ಕೆಡುಕು ಯಾವುದೆಂದು ತೀರ್ಮಾನಿಸುವವರು ಯಾರು? ಐಬಿಎಂನ ವಕೀಲರು ವಿಶೇಷ ಅನುಮತಿ ಕೇಳಿ ಬರೆಯುತ್ತಿದ್ದರೆಂದು, ತಾನು ಅವರಿಗೂ ಅವರ ಗ್ರಾಹಕರಿಗೂ ಕೆಡುಕು ಮಾಡಲು ಅನುಮತಿ ಕೊಟ್ಟೆನೆಂದು ಕ್ರಾಕ್‌ಫರ್ಡ್ ಸಭೆಯಲ್ಲಿ ಹೇಳಿ ನಗಿಸಿದ್ದುಂಟು. ಅಪಾಚೆ ಫೌಂಡೇಶನ್ ನಗಲಿಲ್ಲ. 2016ರಲ್ಲಿ ಆ ಲೈಸೆನ್ಸನ್ನು ತನ್ನ ಬಹಿಷ್ಕೃತ ಪಟ್ಟಿಗೆ ಸೇರಿಸಿತು. ಹಾರೈಕೆಗೂ ಷರತ್ತಿಗೂ ಇರುವ ಅಂತರ ಇದು. ಪದಗಳು ಎರಡರಲ್ಲೂ ಹೆಚ್ಚುಕಡಿಮೆ ಅವೇ.

ಬೇಕೆಂದೇ ಮೋಸ ಮಾಡಿದವರೂ ಇದ್ದಾರೆ. ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಸೇರುವ ಪ್ರತಿ ಮಾಡ್ಯೂಲ್ ತನ್ನ ಲೈಸೆನ್ಸ್ ಏನೆಂದು ಒಂದು ಸಾಲಿನಲ್ಲಿ ಹೇಳಿಕೊಳ್ಳಬೇಕು. ಲಿನಕ್ಸಂಟ್ ಎಂಬ ಮೋಡೆಮ್ ಡ್ರೈವರ್ ಕಂಪನಿ ಆ ಸಾಲಿನಲ್ಲಿ ‘ಜಿಪಿಎಲ್’ ಎಂದು ಬರೆದು, ಪಕ್ಕದಲ್ಲೇ ಒಂದು ಶೂನ್ಯ ಅಕ್ಷರ ಇಟ್ಟು, ಅದರಾಚೆಗೆ ‘ಜಿಪಿಎಲ್ ಹೆಸರಿನ ಫೋಲ್ಡರಿನಲ್ಲಿರುವ ಫೈಲುಗಳಿಗೆ ಮಾತ್ರ’ ಎಂಬರ್ಥದ ಮಾತು ಸೇರಿಸಿತ್ತು. ಸಿ ಭಾಷೆಯಲ್ಲಿ ಶೂನ್ಯ ಅಕ್ಷರ ಬಂದರೆ ಸಾಲು ಮುಗಿಯಿತು ಎಂದರ್ಥ. ಕರ್ನಲ್ ಅಲ್ಲಿಗೇ ಓದು ನಿಲ್ಲಿಸಿ ಜಿಪಿಎಲ್ ಎಂದು ನಂಬುತ್ತಿತ್ತು, ಮನುಷ್ಯ ಓದಿದರೆ ಪೂರ್ತಿ ಕಾಣುತ್ತಿತ್ತು. 2004ರಲ್ಲಿ ಸಿಕ್ಕಿಬಿದ್ದರು.

ಅದಕ್ಕಿಂತ ಹಿಂದಿನ ವರ್ಷದ ಪ್ರಸಂಗ ನನಗೆ ಇನ್ನೂ ಇಷ್ಟ. ಲಿನಕ್ಸ್‌ನಲ್ಲಿ ತನ್ನ ಯೂನಿಕ್ಸ್ ಕೋಡನ್ನು ಕದ್ದು ಸೇರಿಸಿದ್ದಾರೆ ಎಂದು ಐಬಿಎಂ ಮೇಲೆ ಮೊಕದ್ದಮೆ ಹೂಡಿದ್ದ ಎಸ್‌ಸಿಒ ಕಂಪನಿ 2003ರ ಆಗಸ್ಟ್‌ನಲ್ಲಿ ಲಾಸ್ ವೇಗಸ್‌ನ ಸಮ್ಮೇಳನವೊಂದರಲ್ಲಿ ‘ಸಾಕ್ಷ್ಯ’ ಪ್ರದರ್ಶಿಸಿತು. ಗುಟ್ಟು ಬಯಲಾಗಬಾರದೆಂದು ಕೋಡಿನೊಳಗಿನ ಟಿಪ್ಪಣಿಗಳನ್ನು ಗ್ರೀಕ್ ಅಕ್ಷರದ ಫಾಂಟಿಗೆ ತಿರುಗಿಸಿದ್ದರು. ಫೋಟೊ ಹೊರಬಿದ್ದದ್ದೇ ತಡ, ಜನ ಅಕ್ಷರ ತಿರುಗಿಸಿ ಓದಿಕೊಂಡರು. ಬ್ರೂಸ್ ಪೆರೆನ್ಸ್ ಮತ್ತು ಹಳೆಯ ಯೂನಿಕ್ಸ್ ಬಲ್ಲವರು ಅದರ ಜಾಡು ಹಿಡಿದು ಹೋದರೆ ತಲುಪಿದ್ದು ಮೆಮೊರಿ ಹಂಚುವ ಎಪ್ಪತ್ತರ ದಶಕದ ಒಂದು ತುಣುಕಿಗೆ, ಮತ್ತೆ ಅದೇ 32ವಿ ಯೂನಿಕ್ಸ್‌ಗೆ. ಆ ಹಳೆಯ ಯೂನಿಕ್ಸ್‌ಗಳನ್ನು 2002ರ ಜನವರಿಯಲ್ಲಿ ಬಿಎಸ್‌ಡಿ ಮಾದರಿಯ ಲೈಸೆನ್ಸಿನಲ್ಲಿ ಮುಕ್ತಗೊಳಿಸಿದ್ದು ಕ್ಯಾಲ್ಡೆರಾ ಕಂಪನಿ. ಹೆಸರು ಬದಲಾಯಿಸಿಕೊಂಡು ಎಸ್‌ಸಿಒ ಆದದ್ದೂ ಅದೇ ಕ್ಯಾಲ್ಡೆರಾ. ಯೂನಿಕ್ಸ್‌ನ ಕಾಪಿರೈಟ್ ನೊವೆಲ್‌ನಲ್ಲೇ ಉಳಿದಿತ್ತು, ಎಸ್‌ಸಿಒ ಕೈಗೆ ಬಂದೇ ಇರಲಿಲ್ಲ ಎಂದು 2010ರಲ್ಲಿ ತೀರ್ಪುಗಾರರು ಹೇಳಿದರು. ಈ ಗಲಾಟೆಯ ಫಲವಾಗಿಯೇ ಲಿನಸ್ 2004ರ ಮೇ ತಿಂಗಳಲ್ಲಿ ಹೊಸ ಪದ್ಧತಿ ತಂದರು: ಕೋಡ್ ಕಳಿಸುವವರು, ಇದನ್ನು ಕೊಡುವ ಹಕ್ಕು ನನಗಿದೆ ಎಂದು ಹೆಸರಿಟ್ಟು ರುಜು ಹಾಕಬೇಕು.

ಇನ್ನು ಲೈಸೆನ್ಸ್ ಪತ್ತೆ ಮಾಡುವ ಯಂತ್ರಗಳ ಕತೆ. ಎಚ್‌ಪಿ ಕಂಪನಿಯೊಳಗೆ ಬೆಳೆದ ‘ನೊಮೊಸ್’ ಎಂಬ ಪತ್ತೆದಾರ ಆಮೇಲೆ ‘ಫಾಸಾಲಜಿ’ ಎಂಬ ತಂತ್ರಾಂಶದ ಭಾಗವಾಗಿ ಎಲ್ಲರಿಗೂ ಸಿಕ್ಕಿತು, ಪದಗಳ ಮಾದರಿ ಹಿಡಿದು ಹುಡುಕುವುದು ಅದರ ಕ್ರಮ. 2010ರಲ್ಲಿ ಕೆನಡಾದ ಡೇನಿಯಲ್ ಜರ್ಮನ್ ಮತ್ತು ಒಸಾಕಾ ವಿಶ್ವವಿದ್ಯಾಲಯದವರು ಮಾಡಿದ ‘ನಿಂಕಾ’ ವಾಕ್ಯ ವಾಕ್ಯವಾಗಿ ಹೋಲಿಸುತ್ತದೆ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಹೇಳುತ್ತದೆ. ಊಹೆ ಮಾಡುವುದಕ್ಕಿಂತ ಅದು ಮೇಲು ಎಂಬುದು ನನ್ನ ಅಭಿಪ್ರಾಯ. ಮನುಷ್ಯರಲ್ಲೂ ಆ ಗುಣ ಅಪರೂಪ. ಈಗ ನಾವು ಹೆಚ್ಚಾಗಿ ನೆಚ್ಚುವುದು ಸ್ಕ್ಯಾನ್‌ಕೋಡ್ ಎಂಬ ಇನ್ನೊಂದು ಪತ್ತೆದಾರನನ್ನು. ಇದರ ಜೊತೆಗೇ, ಲೈಸೆನ್ಸುಗಳಿಗೆ ಒಂದೇ ಸಾಲಿನ ಗುರುತು ಕೊಡುವ ಎಸ್‌ಪಿಡಿಎಕ್ಸ್ ಪದ್ಧತಿ ಬಂತು. 2011ರಲ್ಲಿ ಅದರ ಮೊದಲ ಆವೃತ್ತಿ, 2021ರಲ್ಲಿ ಐಎಸ್‌ಒ ಮುದ್ರೆ. ಪುಟಗಟ್ಟಲೆ ತಲೆಬರಹ ತೆಗೆದು ಆ ಒಂದು ಸಾಲನ್ನು ಮೊದಲು ಇಟ್ಟು ತೋರಿಸಿದ್ದು ಯು-ಬೂಟ್ ಯೋಜನೆಯ ವುಲ್ಫ್‌ಗ್ಯಾಂಗ್ ಡೆಂಕ್, 2013ರಲ್ಲಿ.

ಲಿನಕ್ಸ್ ಕರ್ನಲ್‌ನ ಸರದಿ ಬಂದದ್ದು 2017ರಲ್ಲಿ. ಪರಿಶೀಲಿಸಿದ ಫೈಲುಗಳು 60,537. ಎರಡು ಬೇರೆ ಬೇರೆ ಯಂತ್ರಗಳಿಂದ ಓದಿಸಿ, ಫಲಿತಾಂಶಗಳನ್ನು ಅಕ್ಕಪಕ್ಕ ಸ್ಪ್ರೆಡ್‌ಶೀಟಿನಲ್ಲಿಟ್ಟು, ಕೇಟ್ ಸ್ಟುವರ್ಟ್, ಫಿಲಿಪ್ ಒಂಬ್ರೆಡಾನ್, ಥಾಮಸ್ ಗ್ಲೈಕ್ಸ್‌ನರ್ ಕೂತು ನೋಡಿದರು. ಸ್ಪ್ರೆಡ್‌ಶೀಟನ್ನು ಕಣ್ಣಿಂದ ಓದಿದ್ದಕ್ಕೇ 70 ಗಂಟೆಗೂ ಹೆಚ್ಚು ಲೆಕ್ಕ ಬಿತ್ತು. ಲೈಸೆನ್ಸಿನ ಸುಳಿವೇ ಇಲ್ಲದ 11,139 ಫೈಲುಗಳಿಗೆ ಕರ್ನಲ್‌ನ ಒಟ್ಟು ಲೈಸೆನ್ಸೇ ಅನ್ವಯ ಎಂದು ‘ಜಿಪಿಎಲ್-2.0’ ಗುರುತು ಬಿತ್ತು. ಕಾಲು ಶತಮಾನ ಜಗತ್ತನ್ನು ನಡೆಸಿದ ಕೋಡಿನಲ್ಲಿ ಅಷ್ಟೊಂದು ಅನಾಮಿಕರು!

2019ರಲ್ಲಿ ಗ್ಲೈಕ್ಸ್‌ನರ್ ಉಳಿದವುಗಳಿಗೆ ಕೈಹಾಕಿ, ಹಳೆಯ ತಲೆಬರಹ ತೆಗೆದು ಒಂದು ಸಾಲಿನ ಗುರುತು ಇಡತೊಡಗಿದರು. ಒಂದೊಂದು ಒಕ್ಕಣೆಗೆ ಒಂದೊಂದು ನಿಯಮದ ಸಂಖ್ಯೆ. 152ನೆಯ ನಿಯಮಕ್ಕೆ 3,029 ಫೈಲುಗಳು ಸಿಕ್ಕವು, 500ನೆಯದಕ್ಕೆ 4,122. ಮಿಕ್ಕ ಎಷ್ಟೋ ನಿಯಮಗಳಿಗೆ ಸಿಕ್ಕಿದ್ದು ಬೆರಳೆಣಿಕೆಯ ಫೈಲು. ‘ಈ ಪ್ರೋಗ್ರಾಮ್’ ಎಂದಿದ್ದ ಕಡೆ ಒಬ್ಬ ‘ಈ ಡ್ರೈವರ್’ ಎಂದು ತಿದ್ದಿರುತ್ತಾನೆ, ಇನ್ನೊಬ್ಬ ಅಲ್ಪವಿರಾಮ ನುಂಗಿರುತ್ತಾನೆ, ಮತ್ತೊಬ್ಬ ಲೈಸೆನ್ಸಿನ ಹೆಸರನ್ನೇ ತಪ್ಪು ಬರೆದಿರುತ್ತಾನೆ. ಯಂತ್ರಕ್ಕೆ ಪ್ರತಿಯೊಂದೂ ಹೊಸದು. ಈ ಶುದ್ಧೀಕರಣ ಬೇಕಿತ್ತು, ನನ್ನ ಕೆಲಸವನ್ನು ಅದು ಅರ್ಧಕ್ಕರ್ಧ ಹಗುರ ಮಾಡಿದೆ. ಆದರೆ ಹಳೆಯ ಒಕ್ಕಣೆಯೊಂದಿಗೆ ಬೀದಿಯ ಹೆಸರು, ನಕಲಿನ ಜಾಡು ಎಲ್ಲವೂ ಫೈಲಿನಿಂದ ಹೋದವು. ಕೋಡಿನ ಪ್ರತಿ ಬದಲಾವಣೆಯನ್ನೂ ಕಾದಿಡುವ ಗಿಟ್‌ನ ದಾಖಲೆಯಲ್ಲಿ ಅವು ಉಳಿದಿವೆ; ಬಿಡಿ ಕಟ್ಟು ಇಳಿಸಿಕೊಂಡವರಿಗೆ ಸಿಗುವುದಿಲ್ಲ. ಇದನ್ನು ನೋಡಿ ಬೇರೆಯವರೂ ಎಲ್ಲ ತಲೆಬರಹಗಳನ್ನು ಗುಡಿಸಲು ಹೊರಡಬಾರದು. ಬಿಎಸ್‌ಡಿ ಮಾದರಿಯ ಲೈಸೆನ್ಸು ತನ್ನ ಸಾಲುಗಳನ್ನು ಉಳಿಸಿಕೊಳ್ಳಲೇಬೇಕು ಎನ್ನುತ್ತದೆ, ತೆಗೆದರೆ ಅದೇ ಉಲ್ಲಂಘನೆ.

ಕನ್ನಡದ ಮಾತಿಗೆ ಬರೋಣ. ರೆಡ್ ಹ್ಯಾಟ್ ಹೊರತಂದ ಲೋಹಿತ್ ಫಾಂಟುಗಳಲ್ಲಿ ಲೋಹಿತ್ ಕನ್ನಡವೂ ಒಂದು. ಮೊದಲು ಅವು ಜಿಪಿಎಲ್‌ನಲ್ಲಿದ್ದವು. ಪ್ರೋಗ್ರಾಮಿಗೆಂದು ಬರೆದ ಲೈಸೆನ್ಸು ಫಾಂಟಿಗೆ ಸರಿಯಾಗಿ ಕೂರುವುದಿಲ್ಲ. ಫಾಂಟನ್ನು ಪಿಡಿಎಫ್ ಒಳಗೆ ಸೇರಿಸಿದರೆ ಆ ಬರಹಕ್ಕೂ ಜಿಪಿಎಲ್ ಅಂಟುತ್ತದೆಯೇ ಎಂಬ ಗುಮಾನಿ ಏಳುತ್ತದೆ. 2011ರಲ್ಲಿ ಇಡೀ ಕುಟುಂಬವನ್ನು ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸಿಗೆ ಬದಲಾಯಿಸಿದರು. ಹಕ್ಕು ಯಾರದ್ದೆಂದು ಸ್ಪಷ್ಟವಾಗಿ ಬರೆದಿದ್ದರಿಂದ ಅದು ಸಾಧ್ಯವಾಯಿತು.

ಎರಡು ಸಾವಿರದ ದಶಕದಲ್ಲಿ ನಮ್ಮವರೂ ಕೀಬೋರ್ಡ್ ವಿನ್ಯಾಸ, ಫಾಂಟು, ಹಳೆಯ ಅಕ್ಷರಗಳನ್ನು ಯೂನಿಕೋಡಿಗೆ ತಿರುಗಿಸುವ ಸಾಧನ ಎಂದು ಸ್ನೇಹಕ್ಕೆ ಮಾಡಿ ಹಂಚಿದರು. ಅವುಗಳಲ್ಲಿ ನಾನು ಕಂಡಿರುವ ಎಷ್ಟೋ ಕಟ್ಟುಗಳಲ್ಲಿ ‘ಉಚಿತ’ ಎಂಬ ಒಂದೇ ಪದವಿದೆ. ಉಚಿತ ಎಂದರೆ ದುಡ್ಡಿಲ್ಲ ಎಂದಷ್ಟೇ. ಭಾರತದ 1957ರ ಕಾಪಿರೈಟ್ ಕಾಯಿದೆ ಈಗ ಕಂಪ್ಯೂಟರ್ ಪ್ರೋಗ್ರಾಮನ್ನೂ ಸಾಹಿತ್ಯ ಕೃತಿ ಎಂದೇ ಎಣಿಸುತ್ತದೆ. ನೋಂದಣಿ ಇಲ್ಲದೆಯೂ ಹಕ್ಕು ಹುಟ್ಟುತ್ತದೆ, ಬರೆದವರು ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ. ಲೈಸೆನ್ಸ್ ಕೊಡುವುದು ಬರಹದಲ್ಲೇ ಆಗಬೇಕು. ಬರೆಯದೆ ಬಿಟ್ಟರೆ ಅದನ್ನು ತಿದ್ದಿ ಮುಂದುವರಿಸುವ ಅಧಿಕಾರ ಬೇರೆ ಯಾರಿಗೂ ಇಲ್ಲ.

ಹಾಗಾಗಿ ಇದನ್ನು ಓದುತ್ತಿರುವ ನಿಮ್ಮ ಹಳೆಯ ಹಾರ್ಡ್ ಡಿಸ್ಕಿನಲ್ಲಿ ನೀವೇ ಬರೆದ ಕನ್ನಡದ ಪ್ರೋಗ್ರಾಮೋ ಫಾಂಟೋ ಇದ್ದರೆ ಇವತ್ತೇ ತೆರೆಯಿರಿ. ಮೇಲ್ಗಡೆ ಹೆಸರು, ವರ್ಷ, ಒಂದು ಸಾಲಿನ ಲೈಸೆನ್ಸ್ ಬರೆಯಿರಿ. ಮಾಡಿದವರು ನಿಮ್ಮ ಪರಿಚಯದ ಹಿರಿಯರಾದರೆ ಅವರನ್ನೇ ಕೇಳಿ. ಒಪ್ಪಿಗೆಯನ್ನು ಒಂದು ಇಮೇಲಿನಲ್ಲಿ ಬರೆಸಿ, ಆ ಇಮೇಲನ್ನೂ ಕೋಡಿನ ಜೊತೆಗೇ ಇಡಿ.